ಮುಕ್ಕಾದ ಸೆಂಟಿನ ಶೀಸೆ

ಹೋದ ವಾರ ಮೊಮ್ಮಗಳು ಕ್ಯಾಸೆಟ್ಟು ಹಾಕಿಕೊಂಡು ಹಳೆಯ ಹಿಂದಿ ಸಿನೆಮಾ ನೋಡುತ್ತಿದ್ದಳು. ನಡುವೆ ಗುಂಡಿ ಒತ್ತಿ ಚಿತ್ರ ನಿಲ್ಲಿಸಿ ನನ್ನನ್ನು ಕರೆದಳು. ನಾಯಕಿ ಕನ್ನಡಿ ಮುಂದೆ ಕುಳಿತಿದ್ದಳು. ಅವಳ ಮೊಣಕೈ ಹತ್ತಿರ ಒಂದು ಚೌಕ ಗಾಜಿನ ಶೀಸೆ.

"ಆಯಿ, ಇದು ಫ್ರಾನ್ಸ್ ದೇಶದ ಸೆಂಟು. ಈ ಶೀಸೆ ನಾ ಹಿಡದಿದ್ದು ಇದು ನಾಕನೇ ಸಿನೆಮಾದಾಗ, ನೋಡು."

ಇದೊಂದು ಆಟ ಅವಳದು. ಯಾವ ಸಿನೆಮಾದಲ್ಲಿ ಯಾವ ಹೆಸರಾಂತ ಸೆಂಟಿನ ಶೀಸೆ ಇದೆ ಎಂದು ಹುಡುಕಿ ನೋಟುಬುಕ್ಕಿನಲ್ಲಿ ಬರೆದಿಡುತ್ತಾಳೆ. ಕಥೆ ಏನಾಯಿತು ಎಂದು ಕೇಳಿದರೆ ಗೊತ್ತಿರುವುದಿಲ್ಲ.

"ಭುಜ ನೆಟ್ಟಗೈತೇನು ನೋಡು," ಎಂದೆ.

"ಶೀಸೆಗೆ ಎಲ್ಲೀ ಭುಜ, ಆಯಿ?" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಐವತ್ತು ವರ್ಷದ ಹಿಂದೆ ನನ್ನನ್ನೂ ಒಬ್ಬಾಕೆ ಸಿನೆಮಾದಲ್ಲಿ ಶೀಸೆ ಹುಡುಕಲು ಹಚ್ಚಿದ್ದಳು. ಆಕೆಗೆ ಅದು ಆಟವಾಗಿರಲಿಲ್ಲ…

ನಾನು ಮದುವೆಯಾಗಿ ಸವಣೂರಿಗೆ ಬಂದಾಗ ಹದಿನಾರು ವರ್ಷ. ಯುದ್ಧ ನಡೆದಿತ್ತು, ಸೀಮೆಎಣ್ಣೆಗೆ ಸಾಲು ನಿಲ್ಲಬೇಕಿತ್ತು. ಶಾಲೆ ಕಂಡವಳಲ್ಲ ನಾನು. ಅಕ್ಷರ ಕಲಿತದ್ದು ಆಮೇಲೆ, ನನ್ನ ಮಕ್ಕಳ ಪಾಟಿ ನೋಡಿ. ನಮ್ಮ ಹಿತ್ತಲ ಗೋಡೆಯ ಆಚೆ ಅತ್ತರ ಮಾಡುವವರ ಮನೆ. ಗಂಡ ಸತ್ತ ಮೇಲೆ ಅಲ್ಲಿ ಒಬ್ಬಳೇ ಉಳಿದಿದ್ದಾಕೆಯನ್ನು ಓಣಿಯವರೆಲ್ಲ ಅತ್ತರ ಬೂಬವ್ವ ಎನ್ನುತ್ತಿದ್ದರು. ನಮ್ಮ ಅತ್ತೆ ಆ ಮನೆಯ ನೀರು ಮುಟ್ಟುತ್ತಿರಲಿಲ್ಲ, ಅತ್ತರ ಮಾತ್ರ ಕೇಳಿ ಇಸಿದುಕೊಳ್ಳುತ್ತಿದ್ದಳು.

ಬೂಬವ್ವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮನುಷ್ಯರು ನೆರಳಿನ ಹಾಗೆ ಕಾಣುತ್ತಿದ್ದರಂತೆ. ಮೂಗು ಮಾತ್ರ ಬಹಳ ಚುರುಕು. ನಾನು ಗೋಡೆ ಹತ್ತಿರ ಬಂದರೆ ಸಾಕು, "ಇವತ್ತ ಬೆಳ್ಳುಳ್ಳಿ ಸುಲದೀ ಅಲ್ಲಾ?" ಎನ್ನುತ್ತಿದ್ದಳು.

ಆಕೆಗೆ ಒಬ್ಬಳೇ ಮಗಳು. ನಾನು ಬರುವ ಮೂರು ವರ್ಷ ಮೊದಲೇ ನಾಟಕ ಕಂಪನಿಯ ಜೊತೆ ಹೋಗಿಬಿಟ್ಟಿದ್ದಳು. ಚಲೋ ಹಾಡುತ್ತಿದ್ದಳಂತೆ. ಕಂಪನಿ ಹಂಸಭಾವಿಗೆ ಹೋಗಿ ಡೇರೆ ಹಾಕುವವರೆಗೆ ಸುದ್ದಿ ಸಿಗುತ್ತಿತ್ತು. ಮುಂದೆ ಇಲ್ಲ. ಮುಂಬೈಗೆ ಹೋದಳೆಂದು ಕೆಲವರು, ಸತ್ತಳೆಂದು ಕೆಲವರು. ಹೋಗುವಾಗ ಮನೆಯಿಂದ ಒಂದೇ ಒಂದು ಸಾಮಾನು ಒಯ್ದಿದ್ದಳು. ನವಾಬರ ವಾಡೆಯ ಬೇಗಮರು ಸೆಂಟು ಮುಗಿಸಿ ಕೊಟ್ಟಿದ್ದ ವಿಲಾಯತಿ ಶೀಸೆ. ಚೌಕದ್ದು, ಎದುರು ಮಗ್ಗುಲಿಗೆ ಹೂ ಕಡೆದದ್ದು. ಬೂಬವ್ವ ಅದರಲ್ಲಿ ತನ್ನ ಹಿನಾ ಅತ್ತರ ತುಂಬಿಡುತ್ತಿದ್ದಳು. ಮಗಳು ಚಿಕ್ಕವಳಿದ್ದಾಗ ಅದನ್ನು ಒರಳಿನ ಮೇಲೆ ಕೆಡವಿ ಕೊರಳ ಕೆಳಗಿನ ಒಂದು ಭುಜ ಮುಕ್ಕು ಮಾಡಿದ್ದಳು.

ಒಂದು ದಿನ ಬಳೆಗಾರ ಬಂದು ಬೂಬವ್ವನ ಮನೆಯ ಕಟ್ಟೆಯ ಮೇಲೆ ಕುಳಿತ. ನಾನು ಬಳೆಗೆ ಕೈ ಕೊಟ್ಟಿದ್ದೆ.

"ಬೂಬವ್ವಾ, ಹಾನಗಲ್ಲಿನಾಗ ಟೆಂಟ್ ಸಿನೆಮಾ ನೋಡಿದ್ನಿರಿ. ನಿಮ್ಮ ಮನಿ ಶೀಸೆ ಇತ್ತು ಅದರಾಗ."

"ಅಂಥಾ ಶೀಸೆ ಸಿರಿವಂತರ ಮನ್ಯಾಗೆಲ್ಲಾ ಇರತಾವ."

"ಸಿನೆಮಾದಾಗೂ ಸಿರಿವಂತರ ಮನಿ ಅಂದ್ರ ಅದನ್ನ ಇಡ್ತಾರ್ರಿ, ನಾ ಎಷ್ಟ್ ಕಡೆ ನೋಡೇನಿ. ಆದ್ರ ಮುಕ್ಕಾಗಿದ್ದು ಇಡ್ತಾರೇನ್ರಿ? ಇದರ ಭುಜ ಹಾರಿತ್ತು."

"ಯಾವ ಭುಜ?"

ಬಳೆಗಾರನಿಗೆ ಅದು ನೆನಪಾಗಲಿಲ್ಲ.

ಬೂಬವ್ವನ ತಮ್ಮ ಬಂಕಾಪುರದಲ್ಲಿದ್ದ. ಆಕೆಯನ್ನು ಮುಂಬೈಗೆ ಕರೆದೊಯ್ಯುವವರು ಬೇರೆ ಯಾರೂ ಇರಲಿಲ್ಲ. ಆತ ಸಿನೆಮಾ ನೋಡುವವನಲ್ಲ. ಅಕ್ಕ ಹೇಳಿ ಕಳಿಸಿದ್ದಕ್ಕೆ ಬಂದು ಅಂಗಳದಲ್ಲಿ ನಿಂತೇ ಹೇಳಿದ: "ಖಾತ್ರಿ ಆದ್ರ ಬಾ, ಸಿನೆಮಾ ಮಾಡಿದವರ ಬಾಗಲಾ ಬಡಿಯೂಣು. ಇಲ್ಲಂದ್ರ ಆಕಿ ಸುದ್ದಿ ನನ್ನ ಮುಂದ ಮತ್ತ ತಗೀಬ್ಯಾಡ."

ಸಿನೆಮಾ ಹಾನಗಲ್ಲಿನಿಂದ ಶಿಗ್ಗಾಂವಿಗೆ ಬಂತು. ಶಿಗ್ಗಾಂವ ನನ್ನ ತವರು, ಯುಗಾದಿಗೆ ಹೊರಟಿದ್ದೆ. ಬೂಬವ್ವ ಗೋಡೆಯ ಹತ್ತಿರ ಬಂದು ನಿಂತಳು.

"ನನ್ನೂ ಗಾಡ್ಯಾಗ ಕರಕೊಂಡ ಹೋಗು. ನೀ ನೋಡಿ ಹೇಳಬೇಕು."

"ನಾನs ಯಾಕ್ರಿ?"

"ಓಣ್ಯಾಗಿನವರೆಲ್ಲಾ ನನ್ನ ಮಾರಿ ನೋಡಿ ಮಾತಾಡ್ತಾರ. ನೀ ಮೊನ್ನೆ ನನ್ನ ಗುಲಾಬಿ ಅತ್ತರ ಹೊಲಸ ನಾರತೈತಿ ಅಂದಿ."

ನಾರುತ್ತಿತ್ತು, ಅಂದಿದ್ದೆ.

ಗಾಡಿಯಲ್ಲಿ ದಾರಿಯುದ್ದಕ್ಕೂ ನನಗೆ ಪಾಠ ಮಾಡಿದಳು. ತಂಬಿಗೆಯನ್ನು ನನ್ನ ಎದುರಿಗಿಟ್ಟು ಅದರ ಬಲ ಮಗ್ಗುಲನ್ನು ಬೆರಳಿನಿಂದ ಬಡಿದಳು. "ಹೂ ನಿನ್ನ ಕಡೆ ಮಾರಿ ಮಾಡಿದ್ರ, ಮುಕ್ಕು ನಿನ್ನ ಉಣ್ಣೋ ಕೈ ಕಡೆ. ಎಡಕ್ಕಿದ್ರ ಅದು ಬ್ಯಾರೆ ಯಾರದೋ. ಖರೇ ಇದ್ದದ್ದು ಹೇಳು, ನನಗ ಸಮಾಧಾನ ಮಾಡಾಕ ಹೋಗಬ್ಯಾಡ."

ನಾನು ಅಲ್ಲಿಯವರೆಗೆ ಸಿನೆಮಾ ನೋಡಿರಲಿಲ್ಲ. ಸಂತೆಯ ಬಯಲಿನಲ್ಲಿ ಡೇರೆ. ಗಂಡಸರು ಪರದೆಯ ಮುಂದೆ, ಹೆಂಗಸರು ಪರದೆಯ ಹಿಂದೆ. ತೆಳ್ಳನೆಯ ಬಟ್ಟೆ ಅದು. ಚಿತ್ರ ನಮ್ಮ ಕಡೆಗೂ ಮೂಡಲೆಂದು ಆಟಕ್ಕೆ ಮೊದಲು ಅದಕ್ಕೆ ನೀರು ಹೊಡೆದರು. ಸಿನೆಮಾದ ಹೆಂಗಸರೆಲ್ಲ ಬಲಭುಜದ ಮೇಲೆ ಸೆರಗು ಹೊದ್ದಿದ್ದರು. ಮುಂಬೈ ಕಡೆ ಹಾಗೆ ಇರಬೇಕು ಎಂದುಕೊಂಡೆ. ನಾಯಕ ಊಟಕ್ಕೆ ಕುಳಿತು ಎಡಗೈಯಿಂದ ತುತ್ತು ಎತ್ತಿದ.

"ಎಡಗೈಲೆ ಉಣ್ಣಾಕತ್ತಾನ ನೋಡ್ರೆವ್ವಾ. ಇವನವ್ವ ಏನ್ ಕಲಿಸ್ಯಾಳ?" ಎಂದು ಪಕ್ಕದವಳು ಅಂದಳು.

"ಬಲಗೈಲೆ ಏನ್ ಮಾಡತಾನ ಕೇಳು," ಎಂದು ಇನ್ನೊಬ್ಬಳು. ಹಿಂದೆ ಕುಳಿತವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಬೂಬವ್ವ ಮಾತ್ರ ನನ್ನ ಮಣಿಕಟ್ಟು ಹಿಡಿದು ಕುಳಿತಿದ್ದಳು.

ಆಮೇಲೆ ಒಂದು ಕೈ ಬಂತು. ಕೈ ಮಾತ್ರ, ಮುಖ ತೋರಿಸಲಿಲ್ಲ. ದಾಸಿಯ ಕೈ ಇರಬೇಕು. ಕನ್ನಡಿ ಮುಂದೆ ಶೀಸೆ ತಂದಿಟ್ಟಿತು. ಶೀಸೆ ಪರದೆ ತುಂಬ ಆಯಿತು.

"ಬಂತ್ರಿ. ಹೂ ಐತಿ. ಮುಕ್ಕು ಐತಿ."

"ಯಾವ ಕಡೆ?"

"ಎಡಕ್ಕ. ಉಣ್ಣೋ ಕೈ ಕಡೆ ಅಲ್ಲ."

"ಮತ್ತೊಮ್ಮೆ ನೋಡು."

"ಹೋತ್ರಿ."

"ಎಡಕ್ಕ ಅಂದಿ?"

"ಎಡಕ್ಕ."

ಎರಡು ಸಲ ಹೇಳಿದೆ. ತಡವರಿಸಲಿಲ್ಲ. ಆಕೆ ನನ್ನ ಕೈ ಬಿಟ್ಟಳು. ಆಮೇಲೆ ಕೇಳಿದಳು, "ತಂದಿಟ್ಟಾಕಿ ಕೈ ಹೆಂಗಿತ್ತು?"

"ಕೈ ಇದ್ದಂಗ ಇತ್ತ್ರಿ. ಎಲ್ಲಾರದೂ ಇರೂಹಂಗ."

ಸವಣೂರಿಗೆ ತಿರುಗಿ ಬಂದು ತಮ್ಮನಿಗೆ ಅಲ್ಲವೆಂದು ಹೇಳಿ ಕಳಿಸಿದಳು. ತಿಂಗಳೊಳಗೆ ಮಗಳ ಬಟ್ಟೆಗಳನ್ನು ಹಂಚಿಬಿಟ್ಟಳು. ಸತ್ತವರಿಗೆ ಓದಿಸುವ ಹಾಗೆ ಮಗಳ ಹೆಸರಿನಲ್ಲಿ ಫಾತಿಹಾ ಓದಿಸಿದಳು. ಅವತ್ತಿನ ಸಿಹಿಯನ್ನು ಗೋಡೆಯ ಮೇಲಿನಿಂದ ನನಗೆ ಕೊಟ್ಟಳು. ಅತ್ತೆಗೆ ಕಾಣದ ಹಾಗೆ ನಿಂತಲ್ಲೇ ತಿಂದೆ. ಚೆನ್ನಾಗಿತ್ತು ಅದು. ಸುಳ್ಳು ಯಾಕೆ ಹೇಳಲಿ…

ಮುಂದಿನ ಸುಗ್ಗಿ ಮುಗಿದ ಮೇಲೆ ನಾದಿನಿಯ ಮಗುವಿನ ತೊಟ್ಟಿಲಿಗೆ ಹಿರೇಕೆರೂರಿಗೆ ಹೋದೆವು. ಅದೇ ಸಿನೆಮಾ ಅಲ್ಲಿ ನಡೆದಿತ್ತು. ನಾದಿನಿ ಎಳೆದುಕೊಂಡು ಹೋದಳು. ಆ ಡೇರೆಯಲ್ಲಿ ಹೆಂಗಸರಿಗೂ ಮುಂದೆಯೇ ಒಂದು ಬದಿಗೆ ಚಾಪೆ ಹಾಸಿದ್ದರು. ಪರದೆಯ ಮೇಲಿನ ಹೆಂಗಸರ ಸೆರಗು ನಮ್ಮ ಹಾಗೆಯೇ ಎಡಭುಜದ ಮೇಲೆ. ಬೇರೆ ಸಿನೆಮಾ ಎಂದುಕೊಂಡೆ. ಅದೇ ನಾಯಕ ಊಟಕ್ಕೆ ಕುಳಿತ, ಬಲಗೈಯಿಂದ ಉಂಡ. ಆಮೇಲೆ ಆ ಕೈ ಬಂತು, ಶೀಸೆ ಬಂತು. ಮುಕ್ಕು ಉಣ್ಣೋ ಕೈ ಕಡೆ ಇತ್ತು.

"ಹೋದ ಸಲ ಇವ ಎಡಗೈಲೆ ಉಂಡಿದ್ದ," ಎಂದೆ ನಾದಿನಿಗೆ.

"ಎಲ್ಲಿ ಕುಂತಿದ್ದಿ ನೀ?"

"ಪರದೆ ಹಿಂದ."

"ಹಿಂದ ಕುಂತ್ರ ಎಲ್ಲಾ ಉಲ್ಟಾನ ಕಾಣತೈತಿ, ಹುಚ್ಚಿ. ಬರದಿದ್ದ ಅಕ್ಷರ ಸುದ್ದಾ ಉಲ್ಟಾ. ನೋಡಲಿಲ್ಲೇನು?"

ಅಕ್ಷರ ನೆಟ್ಟಗಿದ್ದರೂ ಉಲ್ಟಾ ಇದ್ದರೂ ಆಗ ನನಗೆ ಒಂದೇ ಆಗಿತ್ತು.

ಸವಣೂರಿಗೆ ಬಂದವಳೇ, ತಲೆಯ ಮೇಲಿನ ಗಂಟು ಇಳಿಸದೆ ಬೂಬವ್ವನ ಮನೆಗೆ ಹೋದೆ.

"ನಾ ತಪ್ಪ ಹೇಳಿದ್ನಿರಿ. ಅದು ನಿಮ್ಮ ಶೀಸೆನs. ನಾವು ಪರದೆ ಹಿಂದ ಕುಂತಿದ್ವಿ, ಎಲ್ಲಾ ಉಲ್ಟಾ ಇತ್ತು."

ಆಕೆ ಎದ್ದು ನನಗೆ ಬೆನ್ನು ಮಾಡಿ ನಿಂತು ಒಂದು ಕೈ ಎತ್ತಿದಳು.

"ಈಗ ನೀ ನನ್ನ ಹಿಂದಿದ್ದಿ. ಇದು ಯಾವ ಕೈ?"

"ಬಲಗೈ."

"ಹಿಂದಿಂದ ನೋಡಿದ್ರ ಎಡಗೈ ಆತೇನು?"

ನನಗೆ ಅದು ಹಾಗಲ್ಲ ಎಂದು ಗೊತ್ತಿತ್ತು, ಹೇಗೆ ಎಂದು ಹೇಳಲು ಬರಲಿಲ್ಲ. ಬಟ್ಟೆ ತೋಯಿಸಿ ಅದರ ಮೇಲೆ ಇದ್ದಿಲಿನಿಂದ ಶೀಸೆ ಬರೆದು ಬಾಗಿಲಿಗೆ ಕಟ್ಟಿದೆ. ಆಚೆ ನಿಂತು ಒಮ್ಮೆ, ಈಚೆ ನಿಂತು ಒಮ್ಮೆ ನೋಡ್ರಿ ಎಂದೆ. ಆಕೆಗೆ ಬಟ್ಟೆಯೇ ಕಾಣುತ್ತಿರಲಿಲ್ಲ.

"ಸಾಕು ಬೇಟಿ," ಎಂದಳು. "ಅವತ್ತ ನೀ ಖರೇ ಹೇಳಿದ್ದಿ. ಈಗ ನೀನೂ ನನ್ನ ಮಾರಿ ನೋಡಿ ಮಾತಾಡಾಕತ್ತಿ."

ನನ್ನ ಗಂಡನನ್ನು ಕಾಡಿದೆ. "ಮಂದಿ ಮನಿ ಉಸಾಬರಿ ನಮಗ್ಯಾಕ," ಎಂದ. ಬಂಕಾಪುರದ ತಮ್ಮನಿಗೆ ಬಳೆಗಾರನ ಕೈಲಿ ಹೇಳಿ ಕಳಿಸಿದೆ. ಹೆಂಗಸರು ಇವತ್ತ ಎಡಕ್ಕ ಅಂತಾರ, ನಾಳೆ ಬಲಕ್ಕ ಅಂತಾರ ಎಂದು ತಿರುಗಿ ಹೇಳಿ ಕಳಿಸಿದ. ಆ ಸಿನೆಮಾ ತುಂಗಭದ್ರೆ ದಾಟಿ ಹೋಯಿತು ಎಂದರು. ಮತ್ತೆ ಈ ಕಡೆ ಬರಲಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ಬೂಬವ್ವ ಸತ್ತಳು. ಅಲ್ಲಿಯವರೆಗೂ ನನ್ನ ಜೊತೆ ಚೆನ್ನಾಗಿಯೇ ಮಾತಾಡುತ್ತಿದ್ದಳು. ಬೈದಿದ್ದರೆ ಆಗುತ್ತಿತ್ತು.

ಆಕೆ ಹೋಗಿ ನಾಲ್ಕು ವರ್ಷವಾದ ಮೇಲೆ ಒಂದು ಮಧ್ಯಾಹ್ನ ನನ್ನ ಹಿರೀಮಗಳ ಅಂಗಿಗೆ ತೇಪೆ ಹಚ್ಚುತ್ತಿದ್ದೆ. ಹಚ್ಚಿ ಮುಗಿಸಿ, ಒಗೆಯಲೆಂದು ಒಳಗು ಹೊರಗು ತಿರುವಿ ಚಾಪೆಯ ಮೇಲೆ ಹಾಸಿದೆ. ಬಲತೋಳಿನ ತೇಪೆ ಎಡಕ್ಕೆ ಬಂದಿತ್ತು. ಇದಕ್ಕೆ ಕಣ್ಣು ಬೇಕಿರಲಿಲ್ಲ. ಆಕೆಯ ಎರಡೂ ಕೈಗೆ ಅಂಗಿ ಕೊಟ್ಟು, ತಿರುವಿ ಮತ್ತೆ ಕೊಟ್ಟಿದ್ದರೆ ಬೆರಳಿಗೇ ತಿಳಿಯುತ್ತಿತ್ತು. ದಿನಾ ಅಂಗಿ ಕುಪ್ಪಸ ತಿರುವಿ ಒಗೆಯುವವಳು ನಾನು. ಆಗ ಹೊಳೆಯಲಿಲ್ಲ…

ಮೊಮ್ಮಗಳು ಇಷ್ಟೂ ಕೇಳಿ, ಆ ಹಳೆಯ ಸಿನೆಮಾ ಎಲ್ಲಾದರೂ ಸಿಗುತ್ತದೆಯೇ ಹುಬ್ಬಳ್ಳಿಯಲ್ಲಿ ಕೇಳೋಣ ಎಂದಳು. ಬೇಡ ಎಂದೆ. ಶೀಸೆ ಯಾರದೆಂದು ನನಗೆ ಗೊತ್ತು, ಈಗ ಅದನ್ನು ಯಾರಿಗೆ ಹೇಳಲಿ. ಬೂಬವ್ವನ ಮಗಳು ಬದುಕಿದ್ದರೆ ನನಗಿಂತ ಒಂದೆರಡು ವರ್ಷ ದೊಡ್ಡವಳು. ಅವ್ವ ತನ್ನನ್ನು ಹುಡುಕಲೇ ಇಲ್ಲ ಎಂದುಕೊಂಡೇ ಮುದುಕಿಯಾಗಿರಬೇಕು.