ಎಡಗೈಯಲ್ಲಿ ಕೊಟ್ಟ ಲಾಡು

ಕಳೆದ ಡಿಸೆಂಬರಿನ ಒಂದು ಭಾನುವಾರ ಮಧ್ಯಾಹ್ನ ಮುಂಬಯಿ ಬಳಿಯ ಡೊಂಬಿವಲಿಯಲ್ಲಿ, ಎಂಐಡಿಸಿ ಕೈಗಾರಿಕಾ ಪ್ರದೇಶದ ವಸತಿ ಭಾಗದ ಸಭಾಗೃಹವೊಂದರಲ್ಲಿ ಮಗುವಿನ ನಾಮಕರಣ ನಡೆದಿತ್ತು. ಊಟದ ನಂತರದ ಮನರಂಜನೆಗೆ ಕರೆಸಿದ್ದ ಜಾದೂಗಾರರು ಖಾಲಿ ಹಿತ್ತಾಳೆ ಪಾತ್ರೆಯಿಂದ ಲಾಡು ತೆಗೆದು ಎಡಗೈಯಲ್ಲಿ ಮಕ್ಕಳಿಗೆ ಕೊಡಲು ಹೋದರು. ಮಗುವಿನ ಅಜ್ಜಿ ಎದ್ದು ನಿಂತರು. ಪ್ರದರ್ಶನ ನಿಂತಿತು. ಆಗ ಜಾದೂಗಾರರ ಬಲಗೈ ಕೆಂಪು ಕೋಟಿನ ಜೇಬಿನಲ್ಲಿತ್ತು.

ಆ ಕೋಟು ನನಗೆ ಬಹಳ ವರ್ಷಗಳಿಂದ ಪರಿಚಿತ. ಠಾಣೆಯ ನೌಪಾಡಾದಲ್ಲಿ ಅವರ ಮನೆ ನನ್ನ ಮನೆಯ ಮೇಲಿನ ಮಹಡಿಯಲ್ಲಿದೆ. ಪ್ರದರ್ಶನದ ಮರುದಿನ ಕೋಟು ಅವರ ಗ್ಯಾಲರಿಯ ಹಗ್ಗದ ಮೇಲೆ ಒಣಗುತ್ತಿರುತ್ತದೆ. ಅದರ ತೋಳು ನನ್ನ ಕಿಟಕಿಯ ಮುಂದೆ ಆಡುತ್ತದೆ. ಕಟ್ಟಡದಲ್ಲಿ ಕನ್ನಡದವರು, ಮರಾಠಿಯವರು, ಗುಜರಾತಿಯವರು ಎಲ್ಲರಿಗೂ ಅವರು ‘ಜಾದೂ ಮಾಮ’.

ಮಾಮ ಉಡುಪಿ ಕಡೆಯವರು. ಜಾದೂವಿಗೆ ಮೊದಲು ಠಾಣೆ ಸ್ಟೇಷನ್ ಹತ್ತಿರದ ಹೋಟೆಲೊಂದರಲ್ಲಿ ಬಡಿಸುವ ಹುಡುಗರ ಮೇಲಿನ ಕ್ಯಾಪ್ಟನ್ ಆಗಿದ್ದರು. ಎಡ ಮಣಿಕಟ್ಟಿನ ಮೇಲಿರುವ ಸುಟ್ಟ ಗಾಯದ ಗುರುತು ಆ ಕಾಲದ್ದು. ಸಿಟ್ಟಾದ ಗಿರಾಕಿಯನ್ನು ಸಂಭಾಳಿಸುವುದನ್ನು ಅಲ್ಲಿಯೇ ಕಲಿತೆ ಎನ್ನುತ್ತಾರೆ. ಸಾಂಬಾರು ಉಪ್ಪಾಯಿತು ಎಂದು ಗಿರಾಕಿ ಕೂಗಿದರೆ ಹೊಸ ಹುಡುಗರು, ಬಾಕಿಯವರೆಲ್ಲ ಅದನ್ನೇ ತಿಂದಿದ್ದಾರೆ ಎಂದು ವಾದಕ್ಕೆ ನಿಲ್ಲುತ್ತಿದ್ದರಂತೆ. ಮಾಮನ ಪಾಠ ಬೇರೆ: “ಮೊದಲು ಬಟ್ಟಲು ತೆಗಿ. ಆಮೇಲೆ ಬಾಯಿ ತೆಗಿ. ಕಾರಣ ಮಾತ್ರ ಹೇಳ್ಬೇಡ. ಗಿರಾಕಿ ಕಾರಣ ತಿನ್ಲಿಕ್ಕೆ ಬಂದದ್ದಲ್ಲ.”

ಈ ಪಾಠ ಜಾದೂವಿನಲ್ಲಿ ಇನ್ನೂ ಹೆಚ್ಚು ಬೇಕಾಯಿತು. ಅವರದು ನಗಿಸುವ ಜಾದೂ. ಮೊದಲು ಎಲ್ಲವೂ ಕೆಡಬೇಕು. ಹಗ್ಗ ಗಂಟಾಗಬೇಕು, ಟೋಪಿಯಿಂದ ಪಾರಿವಾಳದ ಬದಲು ಬದನೆಕಾಯಿ ಬರಬೇಕು. ಜಾದೂಗಾರ ಬೆವರಬೇಕು. ಎಲ್ಲರೂ ಕೈಬಿಟ್ಟ ಮೇಲೆ ಆಟ ಗೆಲ್ಲಬೇಕು. ಕೆಡುವುದೂ ಆಟದ ಭಾಗವೆಂದು ಕೆಲವು ಯಜಮಾನರಿಗೆ ತಿಳಿಯುವುದಿಲ್ಲ.

ನವಿ ಮುಂಬಯಿಯ ಒಂದು ಹೌಸಿಂಗ್ ಸೊಸೈಟಿಯ ಗಣೇಶೋತ್ಸವದಲ್ಲಿ ಹೀಗಾಯಿತು. ಹಗ್ಗ ಎರಡನೇ ಸಲ ಗಂಟಾದಾಗ ಸೊಸೈಟಿಯ ಸೆಕ್ರೆಟರಿ ವೇದಿಕೆಗೇ ಹತ್ತಿದರು. ಮೈಕ್ ಚಾಲೂ ಇತ್ತು. “ರಾಹೂ ದ್ಯಾ ಭಾವೂ, ಹೋತಾ ಹೈ ಕಭೀ ಕಭೀ,” ಎಂದು ಮಾಮನ ಬೆನ್ನು ತಟ್ಟಿ, ಹೋಗಲಿ ಬಿಡಿ ಎಂಬಂತೆ ಸಮಾಧಾನ ಹೇಳಿದರು. ಆಮೇಲೆ ಕೆಳಗೆ ಕೂತಿದ್ದ ಕಮಿಟಿಯವರ ಕಡೆ ತಿರುಗಿ, ಇವನನ್ನು ಕರೆದದ್ದು ಯಾರು ಎಂದು ಮರಾಠಿಯಲ್ಲಿ ಗದರಿದರು. ಮಾಮ ವಿವರಣೆ ಕೊಡಲಿಲ್ಲ. “ಸಾಹೇಬ್, ಆಪ್ ಹೀ ಪಕಡೋ,” ಎಂದು ಹಗ್ಗದ ತುದಿಯನ್ನು ಸೆಕ್ರೆಟರಿಯ ಕೈಗಿತ್ತರು. ಗಂಟು ಬಿಚ್ಚಿಕೊಂಡಿತು. ಜನ ಸೆಕ್ರೆಟರಿಗೆ ಶಿಳ್ಳೆ ಹೊಡೆದರು. ಮರುವರ್ಷ ಆ ಸೊಸೈಟಿ ಫೋನ್ ಮಾಡಿದಾಗ ಸೆಕ್ರೆಟರಿ ಕೇಳಿದ್ದು ತಾವು ಹಗ್ಗ ಹಿಡಿಯುವ ಆಟ ಇದೆಯಲ್ಲ ಎಂಬುದೊಂದೇ: “ಮೇರಾ ವಾಲಾ ಐಟಂ ಹೈ ನಾ?”

ನಾನು ಪತ್ರಿಕೆಯಲ್ಲಿ ಕೆಲಸ ಮಾಡುವವನು. ಬೆಳಿಗ್ಗೆ ಸಿಟ್ಟಿನಿಂದ ಫೋನ್ ಮಾಡುವ ಓದುಗರು ನನ್ನ ಪಾಲಿಗೂ ಬರುತ್ತಾರೆ. ಅವರಿಗೆ ಕಾರಣ ಹೇಳುವುದನ್ನು ಬಿಟ್ಟದ್ದು ಮಾಮನಿಂದ. ಫೋನ್ ಬಂದರೆ ಈಗ ಕುರ್ಚಿ ಎಳೆದುಕೊಂಡು ಕೂತು ಕೇಳುತ್ತೇನೆ. ಕೂತು ಕೇಳಬೇಕು ಎನ್ನುವುದೂ ಅವರ ಮಾತೇ. ನಿಂತವನು ಹೊರಡುವ ಗಡಿಬಿಡಿಯಲ್ಲಿದ್ದಾನೆ ಎಂದು ಎದುರಿನವನಿಗೆ ತಿಳಿಯುತ್ತದಂತೆ, ಫೋನಿನಲ್ಲಿ ಕೂಡ.

ಕಳೆದ ವರ್ಷದ ಆರಂಭದಲ್ಲಿ ಮಾಮನಿಗೆ ಪಾರ್ಶ್ವವಾಯು ಬಡಿಯಿತು. ಮಾತು ಬೇಗ ಮರಳಿತು, ನಡಿಗೆಯೂ ಮರಳಿತು. ಬಲಗೈ ಮರಳಲಿಲ್ಲ. ಭುಜ ಅಲ್ಲಾಡುತ್ತದೆ, ಬೆರಳು ಹಿಡಿಯುವುದಿಲ್ಲ. ಮಾಮ ಇಡೀ ಆಟವನ್ನು ಎಡಗೈಗೆ ಕಲಿಸಿದರು. ಮೇಲಿನ ಮಹಡಿಯಲ್ಲಿ ನಾಣ್ಯ ಬೀಳುವ ಸದ್ದು ಮಳೆಗಾಲವಿಡೀ ಕೇಳಿಸುತ್ತಿತ್ತು. ದಸರೆಯ ಹೊತ್ತಿಗೆ ಸದ್ದು ನಿಂತಿತು. ಪಕ್ಕದ ಕಳವಾ ಊರಿನ ದರ್ಜಿಯೊಬ್ಬರು ಕೆಂಪು ಕೋಟಿನ ಬಲ ಜೇಬನ್ನು ಆಳ ಮಾಡಿಕೊಟ್ಟರು.

ವಿಷಯ ಗೊತ್ತಿದ್ದದ್ದು ಅವರ ಹೆಂಡತಿ ಮಾಮಿಗೆ ಮತ್ತು ನನಗೆ. ಕರೆಸುವವರಿಗೆ ಹೇಳಿಬಿಡಿ, ಅರ್ಥ ಮಾಡಿಕೊಳ್ಳುತ್ತಾರೆ ಎಂದು ಒಮ್ಮೆ ಅಂದೆ.

“ಅರ್ಥ ಮಾಡಿಕೊಳ್ತಾರೆ ಮಾರಾಯ, ಅದೇ ಹೆದರಿಕೆ,” ಎಂದರು ಮಾಮ. “ನನ್ನ ಹಗ್ಗ ಗಂಟಾದರೆ ಜನ ನಗಬೇಕು. ಕೈ ಹೋಗಿದೆ ಅಂತ ಗೊತ್ತಾದರೆ ಅಯ್ಯೋ ಪಾಪ ಅಂತಾರೆ. ಪಾಪ ಅನಿಸಿದವನನ್ನು ನೋಡಿ ಯಾರು ನಗ್ತಾರೆ? ಆಮೇಲೆ ಚಪ್ಪಾಳೆ ಹೊಡೀತಾರೆ. ಅದು ಚಪ್ಪಾಳೆ ಅಲ್ಲ, ಸಂತಾಪ.”

“ಮತ್ತೆ ಜೇಬಿನ ಕೈಗೆ ಏನು ಹೇಳ್ತೀರಿ?”

“ಅದು ರಜೆಯಲ್ಲಿ ಊರಿಗೆ ಹೋಗಿದೆ ಅಂತ ಹೇಳ್ತೇನೆ. ಮುಂಬಯಿಯವರಿಗೆ ಅದು ಸರಿಯಾಗಿ ಅರ್ಥ ಆಗ್ತದೆ.”

ಡೊಂಬಿವಲಿಯ ಆ ನಾಮಕರಣಕ್ಕೆ ನಾನೂ ಹೋಗಿದ್ದೆ, ಮೂರನೇ ಸಾಲಿನಲ್ಲಿದ್ದೆ. ಹಗ್ಗ, ಟೋಪಿ, ಬದನೆಕಾಯಿ ಎಲ್ಲ ಸರಿಯಾಗಿ ಕೆಟ್ಟವು. ಊರಿಗೆ ಹೋದ ಕೈಯ ಮಾತಿಗೆ ದೊಡ್ಡ ನಗು ಎದ್ದಿತು. ಕೊನೆಯದು ಲಾಡಿನ ಪಾತ್ರೆ. ಪಾತ್ರೆಯಿಂದ ಲಾಡು ತೆಗೆಯುವುದನ್ನು ಮಾಮ ಎಡಗೈಯಲ್ಲಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದರು. ಕೊಡುವುದು ಜಾದೂ ಅಲ್ಲ, ಅದನ್ನು ಯೋಚಿಸಿಯೇ ಇರಲಿಲ್ಲ. ಮೊದಲ ಹುಡುಗಿ ಕೈ ಚಾಚಿದಳು.

“ಏಯ್, ತಕೊಳ್ಬೇಡ!” ಅಜ್ಜಿಯ ದನಿಗೆ ಮೈಕ್ ಬೇಕಿರಲಿಲ್ಲ. “ಎಂತ ಇದು? ಮಗುವಿನ ಹೆಸರಿಟ್ಟ ದಿನ ಎಡಗೈಯಲ್ಲಿ ಸಿಹಿ ಕೊಡುವುದಾ? ಬಲಗೈ ಜೇಬಲ್ಲಿಟ್ಟುಕೊಂಡು! ಎಂಥ ದೌಲತ್ತು!”

ಕರೆಸಿದವರು ಅಜ್ಜಿಯ ಮಗ, ಡೊಂಬಿವಲಿಯಲ್ಲೇ ಹುಟ್ಟಿದವರು. ಅವರು ಓಡಿ ಬಂದರು. “ಮಾಮ, ಅಮ್ಮ ಏಕ್‌ದಂ ಗರಂ ಆಗಿದ್ದಾರೆ. ಶೋ ಇಲ್ಲೇ ಬಂದ್ ಮಾಡೋಣ. ಇಲ್ಲಾಂದ್ರೆ ಏನಾದ್ರೂ ರೀಸನ್ ಹೇಳಿ ನಾ. ಕೈಗೆ ಏನಾದ್ರೂ ಹುವಾ ಹೈ ಕ್ಯಾ?”

ಪರದೆಯ ಪಕ್ಕದಲ್ಲಿ ನಿಂತಿದ್ದ ಮಾಮಿ ಬಾಯಿ ತೆರೆದರು. ಮಾಮ ಅವರನ್ನು ನೋಡಿದರು. ಮಾಮಿ ಬಾಯಿ ಮುಚ್ಚಿದರು.

ಮಾಮ ಲಾಡನ್ನು ಮರಳಿ ಪಾತ್ರೆಗೆ ಹಾಕಿ, ಮೊದಲು ಹುಡುಗಿಯ ಮುಂದಿನಿಂದ ಪಾತ್ರೆ ತೆಗೆದರು. ಅದನ್ನು ಎಡ ತೋಳಿನಲ್ಲಿ ಅವುಚಿಕೊಂಡು ವೇದಿಕೆ ಇಳಿದು ಅಜ್ಜಿಯ ಪಕ್ಕದ ಕುರ್ಚಿಯಲ್ಲಿ ಕೂತರು.

“ಹೌದು ಅಮ್ಮ. ತಪ್ಪಾಯ್ತು.”

ಅಜ್ಜಿ ಇನ್ನಷ್ಟು ಬೈಯಲು ಸಿದ್ಧರಾಗಿದ್ದರು. ವಾದ ಸಿಗದೆ ಅವರೂ ಕೂತರು. ಮಾಮ ಪಾತ್ರೆಯನ್ನು ಬೋರಲು ಹಾಕಿದರು. ಏನೂ ಬೀಳಲಿಲ್ಲ.

“ಇನ್ನು ನನ್ನ ಕೈಗೆ ಇದು ಕೊಡುವುದಿಲ್ಲ ಅಮ್ಮ. ನೀವು ಕೈ ಹಾಕಿ ನೋಡಿ.”

ಅಜ್ಜಿ ಸಂಶಯದಿಂದ ಬಲಗೈ ಹಾಕಿದರು. “ಎಂತದೂ ಇಲ್ಲ ಮಾರಾಯ.”

“ನೀವು ಜೋರು ಮಾಡಿದಿರಲ್ಲ, ಹೆದರಿದೆ ಪಾಪ. ಒಂದು ಒಳ್ಳೆ ಮಾತು ಹೇಳಿ.”

“ಪಾತ್ರೆಗಾ?”

“ಮತ್ತೆ ನನಗೆ ಹೇಳ್ತೀರಾ?”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅಜ್ಜಿ ಅತ್ತ ಇತ್ತ ನೋಡಿ, ತೊಟ್ಟಿಲ ಮಗುವಿಗೆ ಹೇಳುವ ದನಿಯಲ್ಲಿ ಪಾತ್ರೆಗೆ “ಬಾ ಮಗಾ, ಬಾ,” ಎಂದರು. ಕೈ ಹಾಕಿದರು. ಕೈಯಲ್ಲಿ ಲಾಡು ಬಂತು.

ಮಕ್ಕಳ ಕಿರುಚಾಟಕ್ಕೆ ನಿಜವಾದ ಮಗು ಎಚ್ಚರಗೊಂಡಿತು. ಅಜ್ಜಿ ಮತ್ತೆ ಕೈ ಹಾಕಿದರು, ಮತ್ತೆ ಬಂತು. ಒಂದು ಕೈ ಜೇಬಿನಲ್ಲಿದ್ದು, ಪಾತ್ರೆ ಅಜ್ಜಿಯ ತೊಡೆಯ ಮೇಲಿದ್ದು, ಅದು ಹೇಗೆ ಸಾಧ್ಯವಾಯಿತೆಂದು ನಾನು ಕೇಳಿಲ್ಲ. ಅವರೂ ಹೇಳಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅಜ್ಜಿಯೇ ಜಾದೂಗಾರರಾಗಿದ್ದರು. “ಲೈನಲ್ಲಿ ಬನ್ನಿ! ಏಯ್ ನೀನು ಎರಡನೇ ಸಲ ಬಂದದ್ದು, ನನಗೆ ಕಣ್ಣು ಉಂಟು!” ಮಗ ಮೊಬೈಲಿನಲ್ಲಿ ವಿಡಿಯೊ ಮಾಡುತ್ತ, “ಅಮ್ಮ, ಇಧರ್ ದೇಖೋ,” ಎನ್ನುತ್ತಿದ್ದರು.

ಮಕ್ಕಳ ಸಾಲು ಮುಗಿದ ಮೇಲೆ ಅಜ್ಜಿ ಇನ್ನೊಂದು ಲಾಡು ತೆಗೆದರು. “ತಕೊಳ್ಳಿ, ನಿಮಗೂ,” ಎಂದು ಮಾಮನ ಮುಂದೆ ಹಿಡಿದರು.

ಎಡಗೈಯಲ್ಲಿ ತೆಗೆದುಕೊಳ್ಳುವುದೂ ಕೊಟ್ಟಷ್ಟೇ ತಪ್ಪು. ಬಲಗೈ ಜೇಬಿನಿಂದ ಹೊರಗೆ ಬಂದರೆ ಲಾಡು ನೆಲಕ್ಕೆ ಬೀಳುತ್ತದೆ, ಎಲ್ಲರಿಗೂ ತಿಳಿಯುತ್ತದೆ. ಮಾಮಿ ಪರದೆಯನ್ನು ಬಿಗಿಯಾಗಿ ಹಿಡಿದಿದ್ದರು.

ಮಾಮ ಕಣ್ಣು ಮುಚ್ಚಿ, ಮಕ್ಕಳ ಹಾಗೆ ಬಾಯಿ ದೊಡ್ಡದಾಗಿ ತೆರೆದರು.

ಸಭೆ ಬಿದ್ದು ಬಿದ್ದು ನಕ್ಕಿತು. ಅಜ್ಜಿಯೂ ನಕ್ಕರು. ಲಾಡನ್ನು ಬಾಯಿಗಿಡಲು ಮುಂದೆ ಬಾಗಿ, ಆಧಾರಕ್ಕೆ ಮಾಮನ ಬಲತೋಳನ್ನು ಹಿಡಿದರು. ಹಿಡಿದ ಕೈ ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಅವರು ಕೋಟಿನ ಜೇಬನ್ನು ನೋಡಿದರು, ಮಾಮನ ಮುಖ ನೋಡಿದರು. ಆಮೇಲೆ ಇಡೀ ಲಾಡನ್ನು ಒಂದೇ ಸಲ ಬಾಯೊಳಗೆ ತುರುಕಿ, “ಅಗಿಯಿರಿ ಸರಿಯಾಗಿ,” ಎಂದರು.

ಚಪ್ಪಾಳೆ ಜೋರಾಗಿತ್ತು. ಮಾಮನ ಬಾಯಿ ತುಂಬಿದ್ದರಿಂದ ಧನ್ಯವಾದ ಹೇಳಲಾಗಲಿಲ್ಲ. ಅದಕ್ಕೂ ಜನ ನಕ್ಕರು.

ಆ ದಿನದಿಂದ ಪಾತ್ರೆಯ ಆಟ ಬದಲಾಗಿದೆ. ಪ್ರದರ್ಶನ ಕಲ್ಯಾಣದಲ್ಲಿರಲಿ, ವಾಶಿಯಲ್ಲಿರಲಿ, ಮಾಮ ಮೊದಲು ಸಭೆಯಲ್ಲಿ ಮುಖ ಗಂಟಿಕ್ಕಿಕೊಂಡು ಕೂತವರನ್ನು ಹುಡುಕುತ್ತಾರೆ. ಲಾಡು ಅವರ ಕೈಯಿಂದಲೇ ಬರುತ್ತದೆ. ಒಬ್ಬ ಮಾವ, ಒಬ್ಬ ಕೇಟರಿಂಗ್ ಮಾಲೀಕ, ಒಮ್ಮೆ ಮದುಮಗ.

ಹೋದ ತಿಂಗಳು ಡೊಂಬಿವಲಿಯ ಅಜ್ಜಿಯೇ ಫೋನ್ ಮಾಡಿದರು. ಖಾರ್‌ಘರ್‌ನಲ್ಲಿರುವ ಮಗಳ ಮನೆಯಲ್ಲಿ ಮೊಮ್ಮಗಳ ಹುಟ್ಟುಹಬ್ಬ, ಬರಬೇಕು ಎಂದರು. ನಾನು ಮಾಮನ ಮನೆಯಲ್ಲೇ ಚಹಾ ಕುಡಿಯುತ್ತಿದ್ದೆ. ಫೋನ್ ಸ್ಪೀಕರಿನಲ್ಲಿತ್ತು.

“ಏನೆಲ್ಲ ತರಬೇಕು ಅಮ್ಮ?” ಎಂದು ಮಾಮ ಕೇಳಿದರು.

“ಪಾತ್ರೆ ತನ್ನಿ ಸಾಕು,” ಎಂದರು ಅಜ್ಜಿ. “ಬಲಗೈ ನಾನು ತರ್ತೇನೆ.”

ಮಾಮಿ ಅಡುಗೆಮನೆಯಿಂದ ಹೊರಗೆ ಬಂದರು. ಅತ್ತ ಕಡೆಯಿಂದ ಅಜ್ಜಿ, “ಹಲೋ, ಕೇಳ್ತದಾ?” ಎಂದರು.

“ಕೇಳ್ತದೆ ಅಮ್ಮ,” ಎಂದರು ಮಾಮ.

ಕಾರ್ಯಕ್ರಮ ಕಳೆದ ಭಾನುವಾರ ನಡೆಯಿತು. ಅಜ್ಜಿ ಮೊದಲ ಸಾಲಿನಲ್ಲಿ, ಬಲಗೈಯ ಬಳೆಗಳನ್ನು ಮೇಲಕ್ಕೆ ಏರಿಸಿಕೊಂಡು, ಆಟ ಶುರುವಾಗುವ ಮೊದಲೇ ಬಂದು ಕೂತಿದ್ದರು.