ಆಡು ತಿಂದ ನನ್ನ ಪಾಲಿನ ಬೇವು

ನಾನು ಚಿಕ್ಕವನಿದ್ದಾಗ ನಮ್ಮೂರು ಅಕ್ಕಲಕೋಟ ಸಂಸ್ಥಾನಕ್ಕೆ ಸೇರಿತ್ತು. ಆದರೆ ಯುಗಾದಿ ಪಾಡ್ಯದಿಂದ ರಾಮನವಮಿಯವರೆಗಿನ ಒಂಬತ್ತು ದಿನ ನಮ್ಮ ಮನೆ ಮಾತ್ರ ಆಯಿಯ ಸಂಸ್ಥಾನವಾಗಿರುತ್ತಿತ್ತು. ಆಯಿ ಎಂದರೆ ಅಪ್ಪನ ತಾಯಿ. ಅಕ್ಕಲಕೋಟದ ದರಬಾರಿಗೆ ದಿವಾನರು, ಸಿಪಾಯಿಗಳು ಬೇಕಾಗಿದ್ದರು. ಆಯಿಗೆ ಒಂದು ಒಳಕಲ್ಲು, ಒಂದು ಗುಂಡುಕಲ್ಲು ಸಾಕಾಗಿದ್ದವು.

ಚೈತ್ರದ ಹೊಸ ಬಿಸಿಲಿಗೆ ಮೈಯಲ್ಲಿ ಉಷ್ಣ ಏಳುತ್ತದೆ, ಅದನ್ನು ಒಳ್ಳೆಯ ಮಾತಿನಲ್ಲಿ ಇಳಿಸಬೇಕು, ಬಡಿದು ಇಳಿಸಬಾರದು ಎಂಬುದು ಆಯಿಯ ಶಾಸ್ತ್ರ. ಅದಕ್ಕೆಂದೇ ಸ್ನಾನದ ಹಂಡೆಗೆ ಬೇವಿನ ಎಲೆ ಬೀಳುತ್ತಿತ್ತು. ಹೊಸ ಗಡಿಗೆಯ ಕುಡಿಯುವ ನೀರಿನಲ್ಲಿ ಲಾವಂಚದ ಬೇರಿನ ಸಣ್ಣ ಕಟ್ಟು ಮುಳುಗಿರುತ್ತಿತ್ತು. ಒಂದು ತಂಬಿಗೆ ಕುಡಿದರೆ ಮೊದಲ ಮಳೆ ಬಿದ್ದ ಹೊಲವನ್ನೇ ಕುಡಿದ ಹಾಗಿರುತ್ತಿತ್ತು. ಮಧ್ಯಾಹ್ನ ಸಬ್ಜಾ ಬೀಜ ನೆನೆಹಾಕಿದ ಬೆಲ್ಲದ ಪಾನಕ. ಇವುಗಳ ಮೇಲೆ ನನ್ನ ದೂರು ಏನೂ ಇರಲಿಲ್ಲ. ದೂರು ಇದ್ದದ್ದು ಬೆಳಗಿನ ಉಂಡೆಯ ಮೇಲೆ.

ಬೇವಿನ ಕೆಂಪು ಚಿಗುರು, ಅದರದೇ ಹೂ, ನಾಲ್ಕು ಕಾಳುಮೆಣಸು, ಚಿಟಿಕೆ ಅಜವಾನ, ಹರಳು ಉಪ್ಪು, ಬೆಲ್ಲ. ಎಲ್ಲವನ್ನೂ ಕುಟ್ಟಿ ಬಾರೆಹಣ್ಣಿನಷ್ಟು ದೊಡ್ಡ ಉಂಡೆ ಕಟ್ಟುತ್ತಿದ್ದಳು. ಬೆಲ್ಲ ಅದರಲ್ಲಿತ್ತು ಎಂಬುದನ್ನು ನಾನು ಹಿರಿಯರ ಮಾತಿನ ಮೇಲೆ ನಂಬಿದ್ದೇನೆ, ನಾಲಿಗೆಯಿಂದ ಕಂಡವನಲ್ಲ. ಬರಿಗೈಯಲ್ಲಿ ಹೋರಿಯ ಕೊಂಬು ಹಿಡಿದು ನಿಲ್ಲಿಸುತ್ತಿದ್ದ ಅಪ್ಪ ಕೂಡ ಉಂಡೆ ಕೈಗೆ ಬಂದಾಗ ಕಣ್ಣು ಮುಚ್ಚುತ್ತಿದ್ದ.

ನನಗೆ ಎಂಟು ವರ್ಷವಾದ ಆ ಚೈತ್ರದಲ್ಲಿ ಈ ಉಂಡೆಗೂ ನನ್ನ ಭವಿಷ್ಯಕ್ಕೂ ಗಂಟು ಬಿದ್ದಿತ್ತು. ಬೇಸಿಗೆ ಮುಗಿದ ಮೇಲೆ ನನ್ನನ್ನು ಸೊಲ್ಲಾಪುರದ ಕಾಕಾನ ಮನೆಗೆ ಶಾಲೆಗೆ ಕಳಿಸುವ ಮಾತು ನಡೆದಿತ್ತು. ಸೊಲ್ಲಾಪುರವೆಂದರೆ ಗಿರಣಿಗಳ ಊರು. ಗಾಳಿ ಇಲ್ಲದ ಮುಂಜಾನೆ, ಕೆಲಸಗಾರರನ್ನು ಪಾಳಿಗೆ ಕೂಗಿ ಕರೆಯುವ ಗಿರಣಿಯ ಭೋಂಗಾ ನಮ್ಮ ಹೊಲದವರೆಗೂ ಕೇಳಿಸುತ್ತದೆ ಎಂದು ನಾನು ಗೆಳೆಯರ ಮುಂದೆ ಆಣೆ ಮಾಡಿ ಹೇಳುತ್ತಿದ್ದೆ. ಒಮ್ಮೆಯೂ ಕೇಳಿಸಿರಲಿಲ್ಲ. ಅಡ್ಡಿ ಒಂದೇ: ಹಿಂದಿನ ಎರಡು ಬೇಸಿಗೆಯಲ್ಲಿ ನನ್ನ ಮೈತುಂಬ ಗುಳ್ಳೆ ಎದ್ದಿದ್ದವು. ಗುಳ್ಳೆಯ ಹುಡುಗನನ್ನು ಇನ್ನೊಬ್ಬರ ಮನೆಯಲ್ಲಿ ಇಡುವುದು ಹೇಗೆ ಎಂದು ಅಪ್ಪ ಹಿಂದೆ ಮುಂದೆ ನೋಡುತ್ತಿದ್ದ. ಆಯಿ ತೀರ್ಪು ಕೊಟ್ಟಳು.

"ಒಂಬತ್ತು ದಿನ ಬೇವು ತಿಂದ್ರ ಸೊಲ್ಲಾಪುರ. ತಿನ್ನಲಿಲ್ಲಂದ್ರ ಇಲ್ಲೇ ಎತ್ತಿನ ಬಾಲ ಹಿಡಿ. ತಿಳೀತೇನಲೇ?"

"ತಿಳೀತ ಆಯಿ," ಎಂದೆ.

ತಿಳಿದದ್ದೇನೋ ನಿಜ. ಮೊದಲ ದಿನ ನುಂಗಿದೆ. ಸಂಜೆಯವರೆಗೆ ರೊಟ್ಟಿಯೂ ಕಹಿ, ಗಾಳಿಯೂ ಕಹಿ. ಎರಡನೆಯ ದಿನ ಒಂದು ಸಂಗತಿ ಹೊಳೆಯಿತು. ಆಯಿ ಉಂಡೆ ಕೊಟ್ಟ ಮೇಲೆ "ನಾಲಿಗಿ ತೋರ್ಸು" ಎನ್ನುತ್ತಿದ್ದಳು. ನಾಲಿಗೆ ಹಸಿರಾಗಿದ್ದರೆ ಬಿಡುಗಡೆ. ಹಸಿರಾಗಲು ನುಂಗಬೇಕಾಗಿಲ್ಲ, ಸ್ವಲ್ಪ ಹೊತ್ತು ಬಾಯಲ್ಲಿ ಇಟ್ಟುಕೊಂಡರೆ ಸಾಕು. ಉಂಡೆಯನ್ನು ಗಲ್ಲದ ಸಂದಿಗೆ ಸರಿಸಿ, ನಾಲಿಗೆ ತೋರಿಸಿ, ಗಂಭೀರವಾಗಿ ಹಿತ್ತಿಲಿಗೆ ನಡೆದೆ.

ಹಿತ್ತಿಲಲ್ಲಿ ನಮ್ಮ ಆಡು ಇತ್ತು. ಕರಿ ಮೈ, ಬಿಳಿ ಕಿವಿ. ಆಡಿಗೆ ಬೇವೆಂದರೆ ನಿಮಗೆ ಪೇಢೆ ಇದ್ದ ಹಾಗೆ. ಉಂಡೆಯನ್ನು ಅದು ನನ್ನ ಅಂಗೈಯಿಂದ ತೆಗೆದುಕೊಂಡು, ಇನ್ನೂ ಇದೆಯೇ ಎಂದು ಜೇಬು ಮೂಸಿತು. ಮರುದಿನ ನನ್ನನ್ನು ಕಂಡ ಕೂಡಲೇ ಕೂಗತೊಡಗಿತು. ಸಾಕ್ಷಿದಾರ ಹೀಗೆ ಗದ್ದಲ ಮಾಡಿದರೆ ಕೆಟ್ಟಿತು ಎಂದು, ಅದರ ಬಾಯಿ ಮುಚ್ಚಿಸಲು ದಿನಕ್ಕೊಂದು ಹೊರೆ ಬೇವಿನ ಟೊಂಗೆ ತಂದು ಹಾಕಿದೆ. ಲಂಚ ಕೊಟ್ಟವನಿಗೆ ಅದು ಒಂದೇ ಸಲಕ್ಕೆ ಮುಗಿಯುವುದಿಲ್ಲ ಎಂಬುದನ್ನು ನಾನು ಎಂಟನೆಯ ವರ್ಷಕ್ಕೇ ಕಲಿತೆ.

ಈಗ ಆರನೆಯ ದಿನದ ಕಥೆ.

ಅಕ್ಕ ಆರು ತಿಂಗಳ ಕೂಸನ್ನು ಎತ್ತಿಕೊಂಡು ತವರಿಗೆ ಬಂದಿದ್ದಳು. ಎದೆಹಾಲು ಸಾಲದೆ, ಕೂಸಿಗೆ ಆಡಿನ ಹಾಲನ್ನು ಕಾಯಿಸಿ ಬೆಳ್ಳಿಯ ಒಳಲೆಯಲ್ಲಿ ಕುಡಿಸುತ್ತಿದ್ದರು. ಆ ದಿನ ಬೆಳಿಗ್ಗೆ ಒಳಲೆ ಬಾಯಿಗೆ ತಗುಲಿದ ಕೂಡಲೇ ಕೂಸು ಮುಖ ಕಿವುಚಿ ಹಾಲನ್ನೆಲ್ಲ ಉಗುಳಿತು. ಮತ್ತೆ ಹಾಕಿದರೆ ಮತ್ತೆ ಉಗುಳಿತು. ಹಿಂದಿನ ಸಂಜೆಯೂ ಅರ್ಧಕ್ಕೇ ಬಿಟ್ಟಿತ್ತು. ಹೊತ್ತು ಏರಿದ ಹಾಗೆ ಅದರ ಅಳು ಸಣ್ಣದಾಗುತ್ತ ಬಂತು. ಜೋರಾಗಿ ಅಳುವ ಕೂಸಿಗಿಂತ ಮೆಲ್ಲಗೆ ಅಳುವ ಕೂಸು ಮನೆಯವರನ್ನು ಹೆಚ್ಚು ಹೆದರಿಸುತ್ತದೆ.

"ಆಯಿ, ಕೂಸು ಒಂದ್ ಹನಿ ಸುದ್ದಾ ಒಲ್ಲದು," ಎಂದು ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ದೃಷ್ಟಿ ಆಗಿರ್ಬೇಕ್," ಎಂದು ಅವ್ವ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಘಾಟು ಏಳುವುದಿಲ್ಲ ಎಂಬುದು ನಮ್ಮ ಕಡೆಯ ಪರೀಕ್ಷೆ. ಘಾಟು ಹೇಗೆ ಎದ್ದಿತೆಂದರೆ, ಇಡೀ ಮನೆ ಕೆಮ್ಮುತ್ತ ಅಂಗಳಕ್ಕೆ ಬಂದು ನಿಂತಿತು.

"ದೃಷ್ಟಿ ಅಲ್ಲ ಬಿಡು," ಎಂದಳು ಆಯಿ, ಮೂಗು ಒರೆಸಿಕೊಳ್ಳುತ್ತ. ಅವಳ ದನಿಯಲ್ಲಿ ನಾನು ಅನುಮಾನ ಕೇಳಿದ್ದು ಅದೇ ಮೊದಲು.

"ಗಾಡಿ ಕಟ್ತೀನಿ. ಅಕ್ಕಲಕೋಟದ ದವಾಖಾನಿಗೆ ಒಯ್ಯೂಣು," ಎಂದು ಅಪ್ಪ ಎತ್ತು ಬಿಚ್ಚಲು ಹೋದ.

ಹಾಲನ್ನು ಯಾರೂ ಯಾಕೆ ರುಚಿ ನೋಡಲಿಲ್ಲ ಎಂದು ನೀವು ಕೇಳಬಹುದು. ಕೂಸಿನ ಹಾಲನ್ನು ಬೇರೆಯವರು ಎಂಜಲು ಮಾಡಬಾರದು ಎಂದು ನಮ್ಮ ಮನೆಯ ಕಟ್ಟಳೆ. ಆ ಕಟ್ಟಳೆ ಹಾಕಿದವಳು ಆಯಿಯೇ. ಹಾಲು ನೋಡಲು ಬೆಳ್ಳಗಿತ್ತು, ವಾಸನೆಯೂ ಸರಿಯಾಗಿತ್ತು. ಅಲ್ಲಿಗೆ ಎಲ್ಲರ ತನಿಖೆ ಮುಗಿದಿತ್ತು.

ಅಕ್ಕ ಬಟ್ಟೆ ಗಂಟು ಕಟ್ಟುವಾಗ ಕೂಸನ್ನು ನನ್ನ ತೊಡೆಯ ಮೇಲೆ ಹಾಕಿದಳು. ಎಷ್ಟೆಂದರೂ ನಾನು ಸೋದರಮಾವ. ಆಗಷ್ಟೇ ಮತ್ತೊಮ್ಮೆ ಹಾಕಿ ನೋಡಿದ್ದ ಹಾಲನ್ನು ಕೂಸು ನನ್ನ ಮುಂಗೈ ಮೇಲೆ ಉಗುಳಿತು. ಒರೆಸಿಕೊಳ್ಳಲು ಬಟ್ಟೆ ಇರಲಿಲ್ಲ, ನೆಕ್ಕಿಬಿಟ್ಟೆ.

ಆ ಕಹಿಯ ಗುರುತು ನನಗೆ ಚೆನ್ನಾಗಿಯೇ ಇತ್ತು.

ಹಿತ್ತಿಲಲ್ಲಿ ಆಡು ಇನ್ನೊಂದು ಟೊಂಗೆಗಾಗಿ ಕೂಗುತ್ತಿತ್ತು. ಕೂಸು ನನ್ನ ಬೆರಳನ್ನು ಹಿಡಿದು ಬಾಯಿಗೆ ಹಾಕಿಕೊಂಡು ಚೀಪತೊಡಗಿತು. ಬೆರಳಿನಲ್ಲಿ ಏನೂ ಬರುವುದಿಲ್ಲ ಎಂಬುದು ಅದಕ್ಕೆ ತಿಳಿಯಲಿಲ್ಲ. ಹೇಳಿದರೆ ಸೊಲ್ಲಾಪುರ ಹೋಯಿತು: ಗಿರಣಿ, ಭೋಂಗಾ, ಶಾಲೆ, ಎಲ್ಲ. ಹೇಳದಿದ್ದರೆ ಗಾಡಿ ಸುಡು ಬಿಸಿಲಿನಲ್ಲಿ ಅಕ್ಕಲಕೋಟದ ದಾರಿ ಹಿಡಿಯುತ್ತದೆ, ಹಸಿದ ಕೂಸಿನೊಡನೆ. ಬಹಳ ಹೊತ್ತು ಯೋಚಿಸಿದೆ ಎಂದು ಹೇಳಲು ಆಸೆಯಾಗುತ್ತದೆ. ಆದರೆ ಅಪ್ಪ ಆಗಲೇ ನೊಗ ಎತ್ತಿದ್ದ.

"ಆಯಿ," ಎಂದೆ, "ನನ್ನ ಬೇವು ನಾ ತಿಂದಿಲ್ಲ. ಆಡು ತಿಂದದ."

ಆಯಿ ನನ್ನನ್ನು ನೋಡಿದಳು. ಹಿತ್ತಿಲಿಗೆ ಹೋಗಿ ಆಡಿನ ಮುಂದೆ ಬಿದ್ದಿದ್ದ ಬರಿಗಡ್ಡಿಗಳ ರಾಶಿಯನ್ನು ನೋಡಿದಳು. ಒಳಗೆ ಬಂದು, ತಾನೇ ಹಾಕಿದ ಕಟ್ಟಳೆಯನ್ನು ತಾನೇ ಮುರಿದು, ಬಟ್ಟಲಿನ ಹಾಲಿಗೆ ಬೆರಳು ಅದ್ದಿ ನೆಕ್ಕಿದಳು.

"ಎತ್ತು ಕಟ್ಟಿ ಹಾಕು," ಎಂದಳು ಅಪ್ಪನಿಗೆ. "ಕೂಸಿಗೇನೂ ಆಗಿಲ್ಲ. ಈ ಮನ್ಯಾಗ ನಾಲಿಗಿ ನೆಟ್ಟಗ ಇದ್ದದ್ದು ಅದೊಂದಕ್ಕs."

ಪಕ್ಕದ ಮನೆಯ ಆಡಿನ ಹಾಲು ಬಂತು. ಕೂಸು ಒಂದು ಒಳಲೆ ಕುಡಿಯಿತು, ಇನ್ನೊಂದು ಕುಡಿಯಿತು, ಮೂರನೆಯದರ ನಡುವೆ ನಿದ್ದೆ ಹೋಯಿತು. ಅಕ್ಕ ನನ್ನ ತಲೆಗೆ ಒಂದು ಮೊಟಕಿದಳು. ಆಮೇಲೆ ಅದೇ ಜಾಗವನ್ನು ಸವರಿದಳು.

"ಇಂವ ಇನ್ನ ಸೊಲ್ಲಾಪುರಕ್ಕ ಹೋದಂಗs," ಎಂದ ಅಪ್ಪ.

"ಯಾಕ ಹೋಗಂಗಿಲ್ಲ?" ಎಂದಳು ಆಯಿ. "ಗುಳ್ಳಿಗಿ ನನ್ನ ಹಂತ್ಯಾಕ ಔಷಧ ಅದ. ಸುಳ್ಳು ಹೇಳೂದಕ್ಕ ಇಲ್ಲ. ಅದನ್ನ ಯಾರೂ ಕೇಳೂಕಿಂತ ಮೊದಲs ಇಂವ ತಾನs ಉಗುಳ್ಯಾನ. ಹೋಗ್ಲಿ." ಆಮೇಲೆ ನನ್ನ ಕಡೆ ತಿರುಗಿದಳು. "ನಿನ್ನ ಔಷಧ ಆಡಿನ ಹೊಟ್ಟ್ಯಾಗ ಅದ. ಅದರ ಹಾಲು ಸಿಹಿ ಆಗೂತನ ದಿನಾ ಬೆಳಿಗ್ಗಿ ನೀನs ಕುಡಿ."

ನಾಲ್ಕು ದಿನ ಕುಡಿದೆ. ಮನೆಯವರೆಲ್ಲ ಸಾಲಾಗಿ ನಿಂತು ನೋಡಿದರು. ಬೇವಿನ ಉಂಡೆ ಒಂದು ಕ್ಷಣದ ಕಹಿ. ಒಂದು ಲೋಟ ಕಹಿ ಹಾಲು ನಿಧಾನವಾಗಿ, ಬೆಚ್ಚಗೆ, ಗಂಟಲಿನ ಪರಿಚಯ ಮಾಡಿಕೊಳ್ಳುತ್ತ ಇಳಿಯುತ್ತದೆ. ಐದನೆಯ ದಿನ ಹಾಲು ಸಿಹಿಯಾಯಿತು. ಆ ದಿನದಿಂದ ಅದು ಕೂಸಿನ ಪಾಲಾಯಿತು.

ಆ ಬೇಸಿಗೆ ನನಗೆ ಎರಡೇ ಗುಳ್ಳೆ ಎದ್ದವು. ಒಂದು ಮೊಣಕಾಲಿನ ಮೇಲೆ, ಇನ್ನೊಂದು ಬರೆಯಲಾಗದ ಕಡೆ. ಬೇವು ಇಲ್ಲದಿದ್ದರೆ ಇಪ್ಪತ್ತು ಏಳುತ್ತಿದ್ದವು ಎಂದಳು ಆಯಿ. ಈ ವಾದಕ್ಕೆ ಉತ್ತರ ಯಾರ ಬಳಿಯೂ ಇಲ್ಲ. ನಾನು ಇವತ್ತಿಗೂ ಹುಡುಕುತ್ತಿದ್ದೇನೆ. ಮಳೆಗಾಲದಲ್ಲಿ ಸೊಲ್ಲಾಪುರಕ್ಕೆ ಬಂದೆ. ಭೋಂಗಾ ಕೊನೆಗೂ ಕೇಳಿಸಿತು. ಮೊದಲ ಸಲ ಕೇಳಿದಾಗ ಆಡು ಕೂಗಿದ ಹಾಗೆಯೇ ಇತ್ತು.

ಮಕ್ಕಳೇ, ಈಗ ನಮ್ಮ ಮನೆ ಇದೇ ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿದೆ. ಹಿತ್ತಿಲಿಲ್ಲ, ಆಡಿಲ್ಲ, ಮಗ್ಗಗಳ ಖಟಖಟ ಇದೆ. ನಿಮ್ಮ ಔಷಧಗಳು ಗುಲಾಬಿ ಬಣ್ಣದವು, ಕಿತ್ತಳೆಯ ರುಚಿಯವು. ಒಂದು ಮುಚ್ಚಳ ಕೊಟ್ಟರೆ ಇನ್ನೊಂದು ಕೇಳುತ್ತೀರಿ. ಬೇವು ವರ್ಷಕ್ಕೊಮ್ಮೆ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ, ಪಾಡ್ಯದ ದಿನ ತಲೆಗೊಂದು ಎಲೆ. ನಾಲಿಗೆ ತೋರಿಸು ಎನ್ನುವವರು ಯಾರೂ ಇಲ್ಲ.

ಆದರೂ ಈ ಸಲ ನಿಮ್ಮಲ್ಲೊಬ್ಬರು ಎಲೆಯನ್ನು ಬಾಯಿಗೆ ಹಾಕಿಕೊಂಡು, ಬಹಳ ಗಂಭೀರವಾಗಿ ಹೊರಗಿನ ಗ್ಯಾಲರಿಗೆ ನಡೆದು, ತುಳಸಿಯ ಕುಂಡದ ಕಡೆ ಬಗ್ಗಿದ್ದನ್ನು ನಾನು ಕಂಡೆ. ಆ ನಡಿಗೆ ನನಗೆ ಗೊತ್ತು. ಯಾರೆಂದು ಹೇಳುವುದಿಲ್ಲ. ಕುಂಡ ಹಾಲು ಕೊಡುವುದಿಲ್ಲ, ಹಾಗಾಗಿ ಸಾಕ್ಷಿಯೂ ಇಲ್ಲ. ನಾಳೆ ಬೆಳಿಗ್ಗೆ ನಾನು ಗ್ಯಾಲರಿಯಲ್ಲೇ ಕುಳಿತಿರುತ್ತೇನೆ. ಬಾಯಲ್ಲಿ ಇನ್ನೂ ಏನಾದರೂ ಉಳಿದಿದ್ದರೆ ಬಂದು ಉಗುಳಬಹುದು. ಹಾಲು ಕುಡಿಸುವುದಿಲ್ಲ.