ಹೂ ಬಿಡುವ ಮುಂಚಿನ ಗಿಡ

ಗಿಡ ಗುರುತಿಸುವುದೇ ನನ್ನ ಹೊಟ್ಟೆಪಾಡು. ಮದ್ದೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ಹಾಗಾಗಿ ಮದುವೆಯಾದ ಹೊಸದರಲ್ಲಿ, ಕೆರಗೋಡಿನ ಪಕ್ಕದ ಅತ್ತೆಮನೆಯಲ್ಲಿ ಬೆರಕೆ ಸೊಪ್ಪಿನ ಸಾರಿಗೆ ಸೊಪ್ಪು ಕುಯ್ದು ತಾ ಅಂದಾಗ ಜಂಬದಿಂದಲೇ ಹೊರಟೆ. ಮಂಡ್ಯ ಪೇಟೆಯ ಹುಡುಗಿಗೆ ಸೊಪ್ಪುಸದೆ ಏನು ಗೊತ್ತು ಅನ್ನುತ್ತಿದ್ದ ಅತ್ತೆ ನನ್ನ ಕೈಯನ್ನು ನಂಬಬೇಕು, ಅಷ್ಟೇ ನನ್ನ ಆಸೆ.

ಗದ್ದೆ ಬದುವಿನಿಂದ ಮಡಿಲು ತುಂಬ ತಂದೆ. ಅತ್ತೆ ಜಗಲಿಯ ಮೇಲೆ ಕೂತು ಒಂದೊಂದೇ ಕುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ, ಅರ್ಧಕ್ಕರ್ಧ ಅಂಗಳಕ್ಕೆ ಎಸೆದರು.

"ಇದು ಗಾಯದ ಸೊಪ್ಪು ಕಣವ್ವ. ಕುಡ್ಲು ತಗುಲ್ದಾಗ ಹಿಂಡೋದು, ಸಾರ್ಗಾಕೋದಲ್ಲ."

ನಾನು ಇಂಗು ತಿಂದ ಮಂಗನಂತಾದೆ. ಎದುರುಬದುರು ಎಲೆ ನೋಡಿ ಹೊನಗೊನ್ನೆ ಸೊಪ್ಪು ಎಂದುಕೊಂಡಿದ್ದೆ. ಮಾರನೆಯ ದಿನ ಅದೇ ಬದುವಿಗೆ ಹೋಗಿ ಹುಡುಕಿದರೆ ಗಾಯದ ಸೊಪ್ಪಿನ ಬಲಿತ ಗಿಡವೊಂದು ಹೂ ಬಿಟ್ಟಿತ್ತು. ಉದ್ದನೆಯ ಕಡ್ಡಿ, ನಡುವೆ ಹಳದಿ, ಸುತ್ತ ಕೆನೆಬಣ್ಣದ ಐದು ದಳ, ದಳದ ತುದಿಗೆ ಮೂರು ಹಲ್ಲು. ಟ್ರೈಡಾಕ್ಸ್. ವರ್ಷ ವರ್ಷ ಬೋರ್ಡಿನ ಮೇಲೆ ನಾನೇ ಬರೆಯುವ ಚಿತ್ರ. ನಗು ತಡೆಯಲಾಗದೆ ಬದುವಿನ ಮೇಲೇ ಕೂತುಬಿಟ್ಟೆ. ನಾವು ಹೂ ನೋಡಿ ಗಿಡದ ಹೆಸರು ಹೇಳುವವರು. ಸಾರಿಗೆ ಸೊಪ್ಪು ಕುಯ್ಯುವವರು ಹೂ ಬಿಡುವ ಮುಂಚೆ ಎಳೆಯದಾಗಿದ್ದಾಗಲೇ ಕುಯ್ಯುತ್ತಾರೆ. ಹೂವಿಲ್ಲದಿದ್ದರೆ ನನ್ನ ಓದೆಲ್ಲ ದಂಡ.

ಹೋದ ಮಾನ ಮರಳಿ ಪಡೆಯೋಣವೆಂದು ಹೂ ತಂದು ಅತ್ತೆಯ ಮುಂದೆ ಅದರ ಪುರಾಣ ಬಿಚ್ಚಿದೆ. ಮೂಲ ಅಮೆರಿಕದ ಕಡೆಯದು, ಸಮುದ್ರ ದಾಟಿ ಬಂದದ್ದು, ಬೀಜಕ್ಕೆ ಪುಕ್ಕ ಇರುವುದರಿಂದ ಗಾಳಿಯಲ್ಲಿ ತೇಲಿ ಊರೂರಿಗೂ ಹರಡಿದ್ದು. ಯಾವಾಗ ಬಂತು ಅಂತ ಕೇಳಿದರು. ನಿಮ್ಮಜ್ಜಿ ಕಾಲಕ್ಕೇ ಇದ್ದಿರಬೇಕು ಅಂದೆ.

"ನಾ ಬಸರಾಳಿಂದ ಈ ಮನೆಗ್ ಬಂದು ಮೂವತ್ತೊರ್ಸ. ಅಂಗಾರೆ ಈ ಊರ್ಗೆ ಅದೇ ನಂಗಿಂತ ಅಳೇದು ಬುಡು."

ಆಮೇಲೆ ನನ್ನ ಕಣ್ಣು ಮುಚ್ಚಿಸಿ, ಒಂದು ಕೈಗೆ ಹೊನಗೊನ್ನೆ, ಇನ್ನೊಂದು ಕೈಗೆ ಗಾಯದ ಸೊಪ್ಪು ಇಟ್ಟರು. ಒಂದು ನುಣುಪು, ಇನ್ನೊಂದು ತರಿತರಿ. ಪಾಠ ಅಷ್ಟೇ.

ಮುಂದಿನ ಭಾನುವಾರ ಮತ್ತೆ ನನ್ನನ್ನೇ ಕಳಿಸಿದರು. ಪರೀಕ್ಷೆಗೆ ಹೋಗುವವಳ ಹಾಗೆ ಹೊರಟೆ. ಒಂದೊಂದು ಕುಡಿಯನ್ನೂ ಉಜ್ಜಿ ನೋಡಿಯೇ ಕುಯ್ದೆ. ತಂದು ಮಡಿಲು ಬಿಚ್ಚಿದಾಗ ಅತ್ತೆ ಒಂದೆಲೆಯನ್ನೂ ಎತ್ತಿ ನೋಡಲಿಲ್ಲ. ತೊಳೆದವರೇ ಹಾಗೇ ಪಾತ್ರೆಗೆ ಹಾಕಿದರು. ಅವತ್ತು ನಾನು ಎರಡು ಮುದ್ದೆ ಉಂಡೆ.